ಒಂದೂವರೆ ಮೀಟರಿನ ಪ್ರಜೆಗಳು

ಬಹಳ ಹಿಂದೆ, ಅಂದರೆ ಹೋದ ಸಾಫ್ಟ್‌ವೇರ್ ಅಪ್‌ಡೇಟಿಗೂ ಮುಂಚೆ, ಉನ್ನತಪುರವೆಂಬ ರಾಜ್ಯವಿತ್ತು. ಅದನ್ನಾಳುತ್ತಿದ್ದ ಶ್ರೀಮನ್ಮಹಾರಾಜ ಉತ್ತುಂಗವರ್ಮರಿಗೆ ಅರಮನೆಯೆದುರು ಒಂದು ವಿಜಯಸ್ತಂಭ ಬೇಕಾಯಿತು. ಯಾವ ವಿಜಯ ಎಂಬುದನ್ನು ಉಪಸಮಿತಿ ಪರಿಶೀಲಿಸುತ್ತಿತ್ತು.

ಸ್ತಂಭಕ್ಕೂ ಮೊದಲು ಸುತ್ತಲಿನ ಜಾಗದ ಮಾದರಿಯನ್ನು ಕಂಪ್ಯೂಟರಿನಲ್ಲಿ ಕಟ್ಟುವ ಕೆಲಸ ಆಸ್ಥಾನದ ವಾಸ್ತುಶಿಲ್ಪಿ ದೇವೀರಿಯ ಪಾಲಿಗೆ ಬಂತು. ಏಣಿ ಕಟ್ಟುವ ಕೆಂಚಯ್ಯನ ಮಗಳು ಅವಳು; ಇರುವುದೂ ಅಪ್ಪನ ಮನೆಯಲ್ಲೇ. ಊರವರೇ ಸೇರಿ ಬರೆದಿದ್ದ, ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದ ಮುಕ್ತ ನಕ್ಷೆಯಿಂದ ಬೀದಿ, ಕೆರೆ, ಮನೆಗಳ ಗೆರೆಗಳನ್ನು ತಂದಳು. ಗುಂಡಿ ಒತ್ತಿದಳು. ಗೆರೆಗಳೆಲ್ಲ ಎದ್ದು ಪೆಟ್ಟಿಗೆಗಳಾದವು. ಒಂದು ಮಧ್ಯಾಹ್ನದಲ್ಲಿ ಊರು ಸಿದ್ಧ.

ಪರದೆ ನೋಡಿದ ಮಹಾರಾಜರ ಮುಖ ಸಪ್ಪಗಾಯಿತು. "ಅರಮನೆಯಷ್ಟೇ ಎತ್ತರಕ್ಕಿರುವ ಈ ಮನೆ ಯಾರದು?"

"ನಮ್ಮಪ್ಪಂದು, ಪ್ರಭು. ಎತ್ತರ ಬರೆಯದ ಕಟ್ಟಡಕ್ಕೆಲ್ಲ ಕಂಪ್ಯೂಟರು ತಾನಾಗೇ ಮೂರು ಮೀಟರ್ ಹಾಕಿಬಿಡುತ್ತೆ. ಅರಮನೆ ಎತ್ತರ ಎಷ್ಟು ಅಂದ್ರೆ ಈಗಲೇ ಸರಿ ಮಾಡ್ತೀನಿ."

ಸಭೆ ಬೆಚ್ಚಿಬಿತ್ತು. ಅರಮನೆಯ ಎತ್ತರ ರಾಜರಹಸ್ಯವಾಗಿತ್ತು. ಮಹಾಮಂತ್ರಿ ಅನುಮೋದರಾಯರು ಕೈಮುಗಿದು ಎದ್ದರು. "ಪ್ರಭುಗಳ ಔನ್ನತ್ಯಕ್ಕೆ ಅಂಕಿ ಹಾಕುವುದುಂಟೇ? ಅರಮನೆ ಮೂರರಲ್ಲೇ ಇರಲಿ. ಮಿಕ್ಕವರಿಗೆಲ್ಲ ಒಂದೂವರೆ ಅಂತ ಬರಿಯಮ್ಮ."

"ಒಂದೂವರೆ ಮೀಟರ್ ಮನೇಲಿ ಯಾರು ನಿಂತ್ಕೊಳ್ಳೋಕಾಗುತ್ತೆ, ಸ್ವಾಮಿ?"

"ಮಾದರಿಯೊಳಗೆ ಯಾರಮ್ಮ ನಿಂತ್ಕೋತಾರೆ?"

ಅದೂ ಸರಿಯೆನಿಸಿತು. ಬರೀ ಅಂಕಿ ತಾನೇ ಎಂದುಕೊಂಡು ದೇವೀರಿ ಊರ ನಕ್ಷೆಯಲ್ಲೇ ಹಾಗೆ ಬರೆದಳು. ಪರದೆಯ ಮೇಲೆ ಅರಮನೆ ಎಲ್ಲರಿಗಿಂತ ಎದ್ದು ಕಂಡಿತು. ಸಭೆ ಚಪ್ಪಾಳೆ ತಟ್ಟಿತು.

ಮರುವಾರ ಕಟ್ಟಡ ನಿಯಂತ್ರಣ ಇಲಾಖೆಯವರು ಅದೇ ನಕ್ಷೆ ಹಿಡಿದು ಊರು ಹೊಕ್ಕರು. ದಾಖಲೆ ಒಂದೂವರೆ ಎನ್ನುತ್ತಿತ್ತು. ಮನೆಗಳು ಮೂರು ಮೀಟರಿದ್ದವು. ದಾಖಲೆ ಸುಳ್ಳು ಹೇಳುವುದಿಲ್ಲವಾದ್ದರಿಂದ ಹೆಚ್ಚುವರಿ ಭಾಗವನ್ನೆಲ್ಲ ಅಕ್ರಮವೆಂದು ಸಾರಿ ಮೇಲಿನಿಂದ ಕೊಯ್ದರು. ಉಳಿದ ಗೋಡೆಯ ಮೇಲೆ ಸೂರು ಇಳಿಸಿ ಕೂರಿಸಿದರು. ದೇವೀರಿ ಓಡಿಹೋಗಿ ನಕ್ಷೆ ತಿದ್ದಲು ಕೂತಳು. ಪರದೆಯಲ್ಲಿ ಹೊಸ ರಾಜಾಜ್ಞೆಯಿತ್ತು: ನಕ್ಷೆ ಎಂದಿನಂತೆ ಮುಕ್ತ, ತಿದ್ದುವುದನ್ನು ಮಾತ್ರ ನಿಷೇಧಿಸಲಾಗಿದೆ.

ಕೆಂಚಯ್ಯ ಮಗಳನ್ನು ಬಯ್ಯಲಿಲ್ಲ. "ಏಣಿ ನಿಲ್ಸಾಕೆ ಜಾಗ ಇಲ್ಲ ಕಣವ್ವ," ಎಂದ. "ಮಲಗ್ಸಿ ಕಟ್ತೀನಿ ಬಿಡು." ಬೈದಿದ್ದರೇ ಚೆನ್ನಾಗಿತ್ತು ಎನಿಸಿ ದೇವೀರಿಗೆ ಅಳು ಬಂತು.

ವರ್ಷ ತುಂಬುವುದರೊಳಗೆ ಊರಿನ ಬೆನ್ನೇ ಬಾಗಿತು. ಬೀದಿಗೆ ಬಂದರೂ ಯಾರೂ ನೆಟ್ಟಗಾಗುತ್ತಿರಲಿಲ್ಲ. ಸ್ತಂಭದ ಉದ್ಘಾಟನೆಯ ದಿನ ಉಪ್ಪರಿಗೆಯಿಂದ ನೋಡಿದ ಮಹಾರಾಜರಿಗೆ ಕಣ್ಣು ತುಂಬಿ ಬಂತು.

"ನೋಡಿದಿರಾ ಮಂತ್ರಿಗಳೇ, ಎಷ್ಟು ಬಗ್ಗಿ ನಡೆಯುತ್ತಾರೆ ನಮ್ಮ ಜನ."

"ತಾವು ಅಷ್ಟು ಎತ್ತರದಲ್ಲಿದ್ದೀರಿ, ಪ್ರಭು."

ಉಪಸಮಿತಿಗೆ ಕೊನೆಗೂ ವಿಜಯವೊಂದು ಸಿಕ್ಕಿತು. ಅಂದೇ ಸ್ತಂಭದ ತುದಿಯಲ್ಲಿ ದೊಡ್ಡ ಅಕ್ಷರಗಳನ್ನು ಕೆತ್ತಿಸಿದರು. ಕೆಳಗೆ ಗುಂಪಿನಲ್ಲಿದ್ದ ಕೆಂಚಯ್ಯ ನೆಲ ನೋಡುತ್ತಲೇ ಮಗಳನ್ನು ಕೇಳಿದ. "ಮ್ಯಾಲೆ ಏನವ್ವ ಬರ್ದವ್ರೆ?"

ದೇವೀರಿ ಕತ್ತೆತ್ತಲು ಹೆಣಗಿದಳು. ಅವಳಿಗೂ ಆಗಲಿಲ್ಲ.