ದೊಡ್ಡವ್ವನಿಗೆ ಕಬ್ಬಿಣ ಹಾಕಿಸಲು ಹೋದದ್ದು

ನಾನು ಲೆಕ್ಕದ ಮನುಷ್ಯ. ದಿನಾ ಏನು ನಡೆಯಿತು, ಅದರಲ್ಲಿ ಯಾರು ಗೆದ್ದರು ಎಂಬುದನ್ನು ದಿನಚರಿಯಲ್ಲಿ ಗೀಟೆಳೆದು ಬರೆದಿಡುತ್ತೇನೆ. ಯಲಬುರ್ಗಾದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನದ ಅತಿಥಿ ಶಿಕ್ಷಕ. ವಾಸ ಬೇವೂರಿನಲ್ಲಿ, ನಮ್ಮ ಅವ್ವನ ಅಕ್ಕ, ಅಂದರೆ ದೊಡ್ಡವ್ವನ ಮನೆಯಲ್ಲಿ.

ಸೋಮವಾರ ದೊಡ್ಡವ್ವನ ಹೊಟ್ಟೆನೋವು ತೋರಿಸಲು ಕೊಪ್ಪಳಕ್ಕೆ ಹೋದೆವು. ಹೊಟ್ಟೆಯ ಸ್ಕ್ಯಾನ್ ಮಾಡಿದಾಗ ಲಿವರಿನಲ್ಲಿ ಏನೋ ನೆರಳು ಕಾಣಿಸಿತು. ಅದು ಒಳ್ಳೆಯದೋ ಕೆಟ್ಟದ್ದೋ ಗೊತ್ತಾಗಬೇಕಾದರೆ ಸೂಜಿಮದ್ದು ಹಾಕಿ ಎಂ.ಆರ್.ಐ. ಮಾಡಬೇಕು, ತಡ ಮಾಡಬೇಡಿ ಎಂದರು ಡಾಕ್ಟರು. ದೊಡ್ಡವ್ವ ಅಲ್ಲೇ ಒಪ್ಪಿದಳು.

"ಆತು ಬಿಡ್ರಿ, ಶುಕ್ರವಾರ ಬರ್ತೀವಿ."

ವಿಷಯ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮನೆಯಲ್ಲಿ ವಿಜ್ಞಾನದ ಮಾಸ್ತರ ಇದ್ದನಲ್ಲ!

ಅಂತಹ ಮದ್ದಿನ ಬಗ್ಗೆ ನಾನು ಎಲ್ಲೋ ಓದಿದ್ದೆ. ಬಸ್ಸಿನಲ್ಲಿ ಕೂತು, ಯಾರೂ ಕೇಳದಿದ್ದರೂ ವಿವರಿಸಿದೆ. "ದೊಡ್ಡವ್ವ, ನಿನ್ನ ರಕ್ತದಾಗ ಕಬ್ಬಿಣದ ಕಣ ಬಿಡ್ತಾರ. ಕೂದಲೆಳಿಯ ದಪ್ಪದಾಗ ಸಾವಿರಾರು ಕಣ ಕೂಡಬಹುದು, ಅಷ್ಟು ಸಣ್ಣವು. ಲಿವರಿನ ಛಲೋ ಭಾಗ ಅವನ್ನ ನುಂಗಿ ಫೋಟೋದಾಗ ಕರ್ರಗಾಕ್ಕೈತಿ. ಕೆಟ್ಟ ಭಾಗ ನುಂಗೂದಿಲ್ಲ, ಬೆಳ್ಳಗ ಉಳಿತೈತಿ."

"ಛಲೋದು ಕರ್ರಗ, ಕೆಟ್ಟದ್ದು ಬೆಳ್ಳಗ? ಇದ್ಯಾವೂರ ನ್ಯಾಯೋ! ಮತ್ತ ಆ ಮಿಷಿನ್ ಏನು?"

"ಅದೊಂದು ದೊಡ್ಡ ಅಯಸ್ಕಾಂತ," ಎಂದೆ ಹೆಮ್ಮೆಯಿಂದ.

ದೊಡ್ಡವ್ವ ಸೆರಗು ಬಿಗಿಮಾಡಿಕೊಂಡಳು.

"ಗಿರಣ್ಯಾಗ ಜೋಳ ಸುರಿಯೋ ಬಾಯಿಗೆ ಅಯಸ್ಕಾಂತ ಇಟ್ಟಾರ, ನೋಡೀ ಇಲ್ಲ? ಕಾಳಿನ್ಯಾಗ ಒಂದು ಮೊಳಿ ಬಂದ್ರ ಟಪ್ ಅಂತ ಎಳ್ಕೊಂತೈತಿ. ನನ್ನ ಮೈಯಾಗ ಕಬ್ಬಿಣ ತುಂಬಿ, ಅಯಸ್ಕಾಂತದಾಗ ಮಲಗಿಸಿ, ಲಿವರ್ ಹೊರಗ ಎಳೀಬೇಕಂತೀ ಏನು? ನಾ ಒಲ್ಲೆ!"

ದಿನಚರಿ, ಸೋಮವಾರ. ದೊಡ್ಡವ್ವ: ಒಂದು. ವಿಜ್ಞಾನ: ಸೊನ್ನೆ.

ಸಾಧಾರಣ ಮನುಷ್ಯನಾಗಿದ್ದರೆ ಡಾಕ್ಟರಿಗೆ ಫೋನು ಮಾಡುತ್ತಿದ್ದ. ನಾನು ಪ್ರಾತ್ಯಕ್ಷಿಕೆ ಏರ್ಪಡಿಸಿದೆ!

ಮಂಗಳವಾರ ಶಾಲೆಯಿಂದ ಕಬ್ಬಿಣದ ಸಣ್ಣ ಪುಡಿ ತಂದು ಕುಸುಬಿ ಎಣ್ಣೆಯಲ್ಲಿ ಕಲಸಿ ತಾಟಿಗೆ ಸುರಿದೆ. ಕೆಟ್ಟ ಸ್ಪೀಕರಿನಿಂದ ಕಿತ್ತ ಅಯಸ್ಕಾಂತ ಕೈಯಲ್ಲಿ ಹಿಡಿದೆ. ದೊಡ್ಡವ್ವ ಬಂದಳು. ಬಾಜೂ ಮನಿ ಶಾಂತವ್ವ ಕರೆಯದೇ ಬಂದಳು.

"ನೋಡ್ರಿ, ಕಣ ಎಷ್ಟು ಸೌಮ್ಯ ಇರ್ತಾವ!" ಎನ್ನುತ್ತಾ ತಾಟಿನ ತಳಕ್ಕೆ ಅಯಸ್ಕಾಂತ ಹಿಡಿದೆ.

ಎಣ್ಣೆಯೊಳಗಿನ ಪುಡಿ ಬುಸಕ್ಕನೆ ಎದ್ದು, ಮುಳ್ಳುಹಂದಿಯಂತೆ ನಿಮಿರಿ ನಿಂತಿತು!

"ಯವ್ವಾ! ನನ್ನ ರಕ್ತ ಹಿಂಗ ಎದ್ದು ನಿಂದರ್ತೈತಿ!" ದೊಡ್ಡವ್ವ ಅಡಿಗೆಮನೆ ಸೇರಿದಳು.

ಶಾಂತವ್ವ ಮಾತ್ರ ಧೈರ್ಯಸ್ಥೆ. ಆಕೆ ಓಣಿಗೆ ಓಡಿದಳು. ಸಂಜೆಯ ಹೊತ್ತಿಗೆ ಅಂಗಡಿಯವನೂ ನನ್ನನ್ನು ತಡೆದು ಕೇಳಿದ: "ಏನ್ರಿ ಮಾಸ್ತರ, ದೊಡ್ಡವ್ವಗ ಮುಳ್ಳು ಚುಚ್ಚಿಸ್ತೀರಂತ?"

ದೊಡ್ಡವ್ವ: ಎರಡು. ಓಣಿ: ಒಂದು. ವಿಜ್ಞಾನ: ಸೊನ್ನೆಗಿಂತ ಕೆಳಗೆ.

ಬುಧವಾರ ನನಗೆ ಅರಿವಾಯಿತು. ನಿಜವಾದ ಮದ್ದಿನ ಕಣಗಳಿಗೆ ಸಕ್ಕರೆಯ ಜಾತಿಯ ಪದಾರ್ಥವೊಂದನ್ನು ಲೇಪಿಸಿರುತ್ತಾರೆ. ಹಾಗಾಗಿ ಅವು ಒಂದಕ್ಕೊಂದು ಅಂಟಿ ಗಂಟಾಗುವುದಿಲ್ಲ. ನನ್ನ ಕಣಗಳಿಗೆ ಅಂಗಿಯೇ ಇರಲಿಲ್ಲ! ಬೆಲ್ಲದ ಪಾಕ ಕಾಸಿ, ಪುಡಿ ಹೊರಳಿಸಿ, ತಾಟಿನಲ್ಲಿ ಹರವಿ, ಗೋಡೆಯ ಗೂಡಿನಲ್ಲಿ ಆರಲು ಇಟ್ಟು ಶಾಲೆಗೆ ಹೋದೆ.

ಸಂಜೆ ಬಂದಾಗ ತಾಟಿನ ತುಂಬಾ ಇರುವೆ. ಲೇಪನ ಯಶಸ್ವಿಯಾಗಿತ್ತು, ಇರುವೆಗಳ ಮಟ್ಟಿಗೆ! ಗೂಡಿನಿಂದ ಹೊಸ್ತಿಲಿನವರೆಗೆ ಮೆರವಣಿಗೆ, ಒಂದೊಂದರ ಬಾಯಲ್ಲೂ ಒಂದೊಂದು ಕಣ. ಸಿಟ್ಟಿಗೆ ಅಯಸ್ಕಾಂತ ಒಡ್ಡಿದೆ. ಕಣಗಳು ಹಾರಿ ಬಂದವು. ಕಣ ಬಿಡದ ಇರುವೆಗಳೂ ನೇತಾಡುತ್ತಾ ಬಂದವು!

ಬಾಗಿಲಲ್ಲಿ ನಿಂತ ದೊಡ್ಡವ್ವ ಮೊದಲ ಸಲ ಆಸಕ್ತಿ ತೋರಿಸಿದಳು. "ತಡಿ, ಝಾಡಸಬ್ಯಾಡ." ಕೆಳಗೆ ಕೂತಳು. ಇರುವೆಗಳು ಅಯಸ್ಕಾಂತದ ಮೇಲೆ ನಿಂತು ನಿರಾಳವಾಗಿ ಬೆಲ್ಲ ನೆಕ್ಕಿದವು, ಕಬ್ಬಿಣ ಅಲ್ಲೇ ಬಿಟ್ಟು ಮೀಸೆ ಒರೆಸಿಕೊಂಡು ಇಳಿದು ಹೋದವು.

"ನಾಳಿ ಮುಂಜಾನಿ ನೋಡೂಣು," ಎಂದಳು.

ಗುರುವಾರ ಹಲ್ಲುಜ್ಜುವ ಮೊದಲೇ ಅಪ್ಪಣೆಯಾಯಿತು. "ಬಸ್ಯಾ, ಸತ್ತ ಇರುವಿ ಹುಡುಕು. ಎಣಿಸೂದು ನಿನಗ ಭಾಳ ಚಂದ ಬರ್ತೈತಿ."

ಪದವೀಧರನಾದ ನಾನು ಮೊಣಕಾಲೂರಿ ಗೂಡು, ಗೋಡೆ, ಹೊಸ್ತಿಲು, ಬಚ್ಚಲು ಶೋಧಿಸಿದೆ. ಸತ್ತ ಇರುವೆ: ಸೊನ್ನೆ. ನನ್ನನ್ನು ಕಚ್ಚಿದ ಇರುವೆ: ಹನ್ನೊಂದು.

"ಕಚ್ಚಾಕ ಶಕ್ತಿ ಐತಿ ಅಂದ್ರ ಆರಾಮ ಅದಾವ," ದೊಡ್ಡವ್ವ ತೀರ್ಪು ಕೊಟ್ಟಳು. "ಅಷ್ಟು ಸಣ್ಣ ಜೀವಕ್ಕ ಏನೂ ಆಗಿಲ್ಲ, ನನಗೇನಾಕ್ಕೈತಿ? ನಡಿ, ಹೋಗೂಣು."

"ನೋಡಿದ್ಯಾ, ನಾ ಹೇಳಿದ್ದು ಖರೇ ಆತಿಲ್ಲೊ!"

"ನೀ ಹೇಳಿದ್ದಲ್ಲಪಾ. ಇರುವಿ ಹೇಳಿದ್ದು."

ಜಯ ಜಯವೇ! ಶುಕ್ರವಾರ ಓಣಿಯೇ ಬಾಗಿಲಿಗೆ ಬಂತು. "ಕಬ್ಬಿಣ ಹಾಕಿಸ್ಕೊಂಡು ಬರ್ತೀನಿ," ಎಂದು ಪ್ರತಿಯೊಬ್ಬರಿಗೂ ಹೇಳಿ ದೊಡ್ಡವ್ವ ಬಸ್ಸು ಹತ್ತಿದಳು.

ಸ್ಕ್ಯಾನಿಂಗ್ ಕೇಂದ್ರದ ಡಾಕ್ಟರಮ್ಮ ಕೇಳಿ ನಕ್ಕರು. "ಕಬ್ಬಿಣ ಅಂತ ಯಾರು ಹೇಳಿದ್ರವ್ವಾ? ಅದು ಎಲ್ಲೋ ಅಪರೂಪಕ್ಕ. ನಾವು ಹಾಕೂದು ಗ್ಯಾಡೋಲಿನಿಯಂ ಅಂತ, ಬ್ಯಾರೆ ಮದ್ದು."

ದೊಡ್ಡವ್ವ ನನ್ನ ಕಡೆ ತಿರುಗಿದಳು. ನಾನು ಗೋಡೆಯ ಮೇಲಿನ ಕ್ಯಾಲೆಂಡರಿನ ಕಡೆ ತಿರುಗಿದೆ.

"ಹಂಗಾರ ನಾ ಒಲ್ಲೆರಿ! ನನಗ ಕಬ್ಬಿಣಾನ ಹಾಕ್ರಿ. ಊರಿಗೆಲ್ಲಾ ಹೇಳಿ ಬಂದೀನಿ!"

ವಿವರಿಸಲು ಬಾಯಿ ತೆರೆದೆ. "ನೀವು ಸುಮ್ಮನಿರ್ರಿ," ಎಂದರು ಡಾಕ್ಟರಮ್ಮ. "ಬಾಯಿ ಮುಚ್ಚು," ಎಂದಳು ದೊಡ್ಡವ್ವ. ಇಬ್ಬರೂ ಒಮ್ಮತಕ್ಕೆ ಬಂದ ಮೊದಲ ವಿಷಯ ನಾನು!

ಡಾಕ್ಟರಮ್ಮ ಮೆಲ್ಲಗೆ ಹೇಳಿದರು: "ಅವ್ವಾ, ಇದು ಕಬ್ಬಿಣಕ್ಕಿಂತ ಭಾಳ ತುಟ್ಟಿ ಐತ್ರಿ."

"ಮೊದಲ ಹೇಳ್ಬಾರದಾ? ಹಾಕ್ರಿ!"

ನಾನು ಅಷ್ಟು ದಿನ ಒದ್ದಾಡಿದ ಕೆಲಸ ಒಂದೇ ಮಾತಿಗೆ ಮುಗಿಯಿತು.

ಶನಿವಾರ ವರದಿ ಬಂತು. ಆ ನೆರಳು ಬರೀ ನೀರುಗುಳ್ಳೆ. ಏನೂ ಮಾಡಬೇಕಿಲ್ಲ, ಹೊಟ್ಟೆನೋವಿಗೆ ಹುಳಿ, ಖಾರ ಕಮ್ಮಿ ಮಾಡಿದರೆ ಸಾಕು. ನಾನು ಕೇಂದ್ರದ ಮೆಟ್ಟಿಲ ಮೇಲೆಯೇ ಕೂತು, ವರದಿಯನ್ನು ಇನ್ನೊಮ್ಮೆ ಓದಿದೆ. ದೊಡ್ಡವ್ವ ಮಾತ್ರ ಮಿರ್ಚಿ ಬಜಿ ಎಲ್ಲಿ ಸಿಗುತ್ತದೆಂದು ವಿಚಾರಿಸುತ್ತಿದ್ದಳು.

ಸಂಜೆ ನಮ್ಮ ಕಟ್ಟೆಯ ಮೇಲೆ ದೊಡ್ಡವ್ವನ ಉಪನ್ಯಾಸ. ಛಲೋದು, ಕೆಟ್ಟದ್ದು, ಕಣ, ಲೇಪನ, ಒಂದನ್ನೂ ಬಿಡಲಿಲ್ಲ. ನನಗಿಂತ ಚೆನ್ನಾಗಿ ಹೇಳಿದಳು! ಶಾಂತವ್ವ ಬಾಯಿ ತೆರೆದು ಕೇಳಿದಳು.

"ನಂದೂ ಮೊಣಕಾಲು ತೋರಸ್ಬೇಕಕ್ಕಾ. ನಿಮ್ಮ ಬಸ್ಯಾನ್ನ ಕರ್ಕೊಂಡು ಹೋಗ್ಲೇನು?"

"ಯಾರನ್ನಾರ ಕರ್ಕೊಂಡು ಹೋಗು, ಇವನ್ನ ಮಾತ್ರ ಬ್ಯಾಡ," ಎಂದಳು ದೊಡ್ಡವ್ವ. "ನಾ ಒಳಗ ಮಿಷಿನ್ಯಾಗ ಆರಾಮ ನಿದ್ದಿ ಮಾಡೀನಿ. ಹೊರಗ ಬೆಂಚಿನ ಮ್ಯಾಲ ಇವಗ ನರ್ಸಬಾಯಿ ಎರಡು ಸಲ ನೀರು ಕುಡಿಸ್ಯಾಳ!"

ಅದು ತಪ್ಪು ಲೆಕ್ಕ. ಮೂರು ಸಲ.