ಯಾರೂ ಹೆಸರು ಕೇಳದ ಫೋನು

ಮೊಬೈಲ್ ಅಂಗಡಿ ಇಟ್ಟವರಿಗೆ ನಗುವ ಪ್ರಸಂಗಗಳಿಗೆ ಬರವಿಲ್ಲ. ಆದರೆ ಅವಕ್ಕೊಂದು ಕೆಟ್ಟ ಅಭ್ಯಾಸ ಉಂಟು. ನಡೆಯುವಾಗ ಮೈ ಬೆವರುತ್ತದೆ. ನಗು ಬರುವುದು ಶಟರ್ ಎಳೆದು ಬೀಗ ಹಾಕಿದ ಮೇಲೆ.

ಒಮಾನಿನ ಇಬ್ರಿ ಪೇಟೆಯಲ್ಲಿ ನನ್ನದೊಂದು ಸಣ್ಣ ಅಂಗಡಿ. ನಾನು ಉಪ್ಪಿನಂಗಡಿ ಕಡೆಯವಳು, ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಆಮೇಲೆ ಕಲಿತದ್ದೆಲ್ಲ ಕೈಗೆ ಸಿಕ್ಕಿದ ಕಾಗದ ಓದಿ. ಸಾಮಾನು ಕಟ್ಟಿ ಕೊಟ್ಟ ಪೇಪರು, ಔಷಧಿ ಬಾಟಲಿಯ ಚೀಟಿ, ಮತ್ತೆ ಫೋನಿನ ಪೆಟ್ಟಿಗೆಯಲ್ಲಿ ಯಾರೂ ಬಿಡಿಸಿ ನೋಡದ ಆ ಸಣ್ಣ ಪುಸ್ತಕ. ಫೋನ್ ರಿಪೇರಿಯನ್ನೂ ಇಂಗ್ಲಿಷನ್ನೂ ಆ ಪುಸ್ತಕದಿಂದಲೇ ಕಲಿತೆ. ಹಾಗಾಗಿ ನನ್ನ ಇಂಗ್ಲಿಷಿನಲ್ಲಿ 'ಒತ್ತಿ', 'ಒತ್ತಬೇಡಿ', 'ನೀರಿನಿಂದ ದೂರವಿಡಿ' ಇಂಥವು ಬಿಟ್ಟರೆ ಹೆಚ್ಚೇನೂ ಇಲ್ಲ. ವ್ಯಾಪಾರಕ್ಕೆ ಅಷ್ಟು ಸಾಕಾಗುತ್ತದೆ. ಗಂಡನಿಗೂ ಸಾಕಾಗುತ್ತದೆ.

ಈಗ ಹೇಳುವುದು ಚೀನಾದ ಒಂದು ಹೊಸ ಫೋನನ್ನು ಇಬ್ರಿಯಲ್ಲಿ ಇಳಿಸಲು ಹೋಗಿ ಪಟ್ಟ ಪಾಡು.

೧. ಬೋರ್ಡು

ಫೋನು ಕಂಪೆನಿಯ ಮ್ಯಾನೇಜರ್ ಸೊಹಾರ್‌ನಿಂದ ಬಂದಿದ್ದ. ಚೀನಾದವನು, ಮೂವತ್ತು ದಾಟದ ಹುಡುಗ, ಇಸ್ತ್ರಿ ಮಾಡಿದ ಅಂಗಿ. ಮೊದಲು ನನ್ನ ಎದುರಿನ ದೊಡ್ಡ ಅಂಗಡಿಗೆ ಹೋದ. ಆ ಅಂಗಡಿಗೆ ನೆಲದಿಂದ ಮಾಡಿನವರೆಗೆ ಗಾಜು. ಅವರ ಏಸಿಯ ತಂಪು ನನ್ನ ಗಿರಾಕಿಗಳಿಗೂ ತಾಗುತ್ತದೆ. ಹತ್ತು ನಿಮಿಷದಲ್ಲಿ ಮುಖ ಸಣ್ಣದು ಮಾಡಿಕೊಂಡು ಹೊರಗೆ ಬಂದು, ರಸ್ತೆ ದಾಟಿ ನನ್ನಲ್ಲಿಗೆ ಬಂದ.

"ಅವರು ಯಾಕೆ ಬೇಡ ಅಂದರು?" ಎಂದು ಕೇಳಿದೆ.

ಪಾಪ, ಸುಳ್ಳು ಹೇಳಲು ಬಾರದವನು. "ಯಾರೂ ಹೆಸರು ಕೇಳದ ಫೋನು, ಇಬ್ರಿಯಲ್ಲಿ ಇದನ್ನು ಯಾರೂ ಮಾರಲಾರರು ಅಂದರು" ಎಂದ.

ನಾನು ಫೋನನ್ನು ಇನ್ನೂ ಕೈಯಲ್ಲಿ ಹಿಡಿದು ನೋಡಿರಲಿಲ್ಲ. "ನಾನು ಮಾರುತ್ತೇನೆ" ಎಂದುಬಿಟ್ಟೆ.

ಷರತ್ತು ಇಷ್ಟೇ: ಬಕ್ರೀದಿನ ಹಿಂದಿನ ಗುರುವಾರದೊಳಗೆ ನಲವತ್ತು ಫೋನು ಹೋಗಬೇಕು. ಹೋದರೆ ಈ ಕಡೆಯ ಏಜೆನ್ಸಿ ನನ್ನದು, ದೀಪದ ಬೋರ್ಡೂ ನನ್ನದು. ಹೋಗದಿದ್ದರೆ ಬೋರ್ಡು ಇಳಿಸಿ, ಇನ್ನಷ್ಟು ಆಸೆ ತೋರಿಸಿ ಎದುರಿನ ಅಂಗಡಿಗೇ ಕೊಡುತ್ತಾರೆ. ಅಲ್ಲಿಯವರೆಗೆ ನನ್ನ ಬಾಗಿಲ ಮೇಲೆ ಇದ್ದದ್ದು ನಾನೇ ಪೇಂಟಿನಲ್ಲಿ ಬರೆದ 'ಮೊಬೈಲ್ ರಿಪೇರಿ'. ಈಗ ಅಷ್ಟು ದೊಡ್ಡ ನೀಲಿ ಬೋರ್ಡು ಏರಿತು, ಅದರ ಕೆಳಗೆ ನನ್ನ ಅಂಗಡಿಯ ಹೆಸರು. ಆ ರಾತ್ರಿ ದೀಪ ಆರಿಸಲು ಮನಸ್ಸೇ ಬರಲಿಲ್ಲ.

ಗಂಡ ಸೊಹಾರ್‌ನ ಅಲ್ಯೂಮಿನಿಯಂ ಫ್ಯಾಕ್ಟರಿಯಲ್ಲಿ ಟೆಕ್ನಿಷಿಯನ್. ವಾರದ ರಜೆಗೆ ಬಂದವರು ಬೋರ್ಡಿನ ಕೆಳಗೆ ಕುತ್ತಿಗೆ ಎತ್ತಿ ನಿಂತರು.

"ಇದನ್ನು ಓದುವುದು ಹೇಗೆ?"

ಪುಸ್ತಕವನ್ನು ಮೊದಲ ಪುಟದಿಂದ ಕೊನೆಯವರೆಗೆ ಎರಡು ಸಲ ಓದಿದ್ದೆ. ಆದರೆ ಆ ಹೆಸರನ್ನು ಬಾಯಲ್ಲಿ ಹೇಳುವುದು ಹೇಗೆಂದು ಅದರಲ್ಲಿ ಎಲ್ಲಿಯೂ ಬರೆದಿರಲಿಲ್ಲ. ಮ್ಯಾನೇಜರನ್ನು ಕೇಳಲು ನನ್ನ ಮಾನ ಬಿಡಲಿಲ್ಲ. ಹಾಗಾಗಿ ಇಂದಿನವರೆಗೂ ನಾನು ಅದನ್ನು 'ಈ ಫೋನು' ಎಂದೇ ಮಾರುತ್ತಿದ್ದೇನೆ.

೨. ಅಂಟು ಹಾಕಿದ ಕವರು

ಮೊದಲ ಗಿರಾಕಿ ನಮ್ಮ ಕಡೆಯವರೇ. ಇಲ್ಲಿನ ಒಂದು ಆಫೀಸಿನಲ್ಲಿ ಕೆಲಸ ಮಾಡುವ ಉಡುಪಿಯ ಕೊಂಕಣಿ ಕ್ರಿಶ್ಚನ್ನರೊಬ್ಬರು. ರಜೆಗೆ ಊರಿಗೆ ಹೊರಟಿದ್ದರು, ಭಾವನಿಗೊಂದು ಫೋನು ಬೇಕಿತ್ತು. ಕ್ಯಾಮೆರಾ ನೋಡಿದರು, ಬ್ಯಾಟರಿ ಕೇಳಿದರು, ಎಲ್ಲ ಮೆಚ್ಚಿದರು. ಕೊನೆಗೆ ಫೋನನ್ನು ತಿರುಗಿಸಿ ಹಿಂದಿದ್ದ ಹೆಸರು ನೋಡಿ ತಣ್ಣಗಾದರು.

"ಅಕ್ಕಾ, ಭಾವ ಯಾವ ಕಂಪೆನಿ ಅಂತ ಕೇಳಿದರೆ ಎಂತ ಹೇಳುವುದು?"

"ಒಳ್ಳೆ ಕಂಪೆನಿ ಅಂತ ಹೇಳಿ."

"ಒಳ್ಳೆದಾಗುವುದು ಬೇಡ ಮಾರಾಯ್ರೆ, ಗೊತ್ತಿರುವುದಾದರೆ ಸಾಕು. ಹದಿನೈದು ವರ್ಷ ಗಲ್ಫಿನಲ್ಲಿ ಇದ್ದವ ಎಂಥದೋ ಹೆಸರಿಲ್ಲದ್ದು ತಂದ ಅಂತ ಹೇಳಿದರೆ? ಭಾವ ಬಿಟ್ಟರೂ ಅಕ್ಕ ಬಿಡುವುದಿಲ್ಲ."

ನಾನು ಒಂದು ದಪ್ಪ ಕಪ್ಪು ಕವರು ತೆಗೆದು ತೊಡಿಸಿದೆ. ಹೆಸರು ಮುಚ್ಚಿಹೋಯಿತು. ಅವರ ಮುಖ ಅರಳಿತು.

"ಇದನ್ನು ತೆಗೆಯಲಿಕ್ಕೆ ಆಗುತ್ತದಾ?"

"ಸುಲಭದಲ್ಲಿ ತೆಗೆಯಬಹುದು" ಎಂದೆ ಹೆಮ್ಮೆಯಿಂದ.

"ಅಯ್ಯೋ! ಆಗದ ಹಾಗೆ ಮಾಡಿ ಕೊಡಿ."

ಡಿಸ್‌ಪ್ಲೇ ಕೂರಿಸುವ ಅಂಟನ್ನು ನಾಲ್ಕು ಮೂಲೆಗೂ ಹಾಕಿ ಕೊಟ್ಟೆ. ಮರುವಾರ ಅವರ ಮೂವರು ಗೆಳೆಯರು ಬಂದರು. ಕ್ಯಾಮೆರಾ, ಬ್ಯಾಟರಿ ಯಾವುದನ್ನೂ ಕೇಳಲಿಲ್ಲ. "ಆ ಅಂಟು ಹಾಕಿದ್ದು ಉಂಟಾ?" ಎಂದರು.

ಕಂಪೆನಿಗೆ ವಾರದ ವರದಿ ಕಳಿಸಬೇಕಿತ್ತು. ನಾನು ಸುಳ್ಳು ಬರೆಯುವವಳಲ್ಲ. "ಫೋನು ಚೆನ್ನಾಗಿದೆ. ಹೆಸರು ಕಾಣದಿದ್ದರೆ ಮಾರಾಟವಾಗುತ್ತದೆ" ಎಂದು ಬರೆದೆ.

೩. ಫೋನಿಗೆ ಗೊತ್ತಿದ್ದ ಮುಖ

ನನ್ನ ಅಂಗಡಿಗೆ ಇಲ್ಲಿನ ಹೆಂಗಸರು ಬರುವುದು ಹೆಚ್ಚು. ಹಿಂದುಗಡೆ ಒಂದು ಪರದೆ, ಒಂದು ಸ್ಟೂಲು ಇಟ್ಟಿದ್ದೇನೆ. ಮುಖ ತೋರಿಸಿ ಫೋನು ತೆರೆಯುವ ವ್ಯವಸ್ಥೆಯನ್ನು ಅಲ್ಲಿ ಕೂತು ಮಾಡಿಕೊಳ್ಳಬಹುದು. ಎದುರಿನ ಅಂಗಡಿಯಲ್ಲಿ ಗಾಜು ಉಂಟು, ಪರದೆ ಇಲ್ಲ.

ಒಂದು ದಿನ ಒಬ್ಬ ಒಮಾನಿ ಟೀಚರ್ ಬಂದರು. ಕಣ್ಣು ಬಿಟ್ಟು ಉಳಿದ ಮುಖವೆಲ್ಲ ಮುಚ್ಚಿತ್ತು. ನಾನು ಬೇರೊಬ್ಬರ ಫೋನು ಬಿಚ್ಚಿಕೊಂಡು ಕೂತಿದ್ದೆ. ಕಾಯಲಾಗದೆ ಅವರು ಕೌಂಟರಿನಲ್ಲೇ ನಿಂತು, ಮುಸುಕಿನಲ್ಲೇ, ಫೋನು ಹೇಳಿದ ಹಾಗೆ ಮುಖ ಆಚೆ ಈಚೆ ತಿರುಗಿಸಿ ಮುಗಿಸಿದರು. ಆ ಫೋನೂ ಎರಡು ಕಣ್ಣು ನೋಡಿ ಒಪ್ಪಿಕೊಂಡಿತು.

ಮರುದಿನ ವಾಪಸ್ ಬಂದರು. "ಮನೆಯಲ್ಲಿ ಇದು ತೆರೆಯುವುದೇ ಇಲ್ಲ. ಬೀದಿಗೆ ಬಂದರೆ ಸರಿಯಾಗುತ್ತದೆ."

ಏನಾಯಿತೆಂದು ನನಗೆ ತಿಳಿಯಿತು. ಹೇಳಿದೆ. ಅವರು ಕೌಂಟರು ಹಿಡಿದುಕೊಂಡು ನಕ್ಕರು.

"ನನ್ನ ಗಂಡನಿಗೆ ನಾನು ಮನೆಯಲ್ಲಿದ್ದರೆ ಗೊತ್ತಾಗುತ್ತದೆ, ಪೇಟೆಯಲ್ಲಿ ಸಿಕ್ಕಿದರೆ ಗುರುತು ಸಿಗುವುದಿಲ್ಲ. ಈ ಫೋನಿಗೆ ಪೇಟೆಯಲ್ಲಿ ಗೊತ್ತಾಗುತ್ತದೆ, ಮನೆಯಲ್ಲಿ ಇಲ್ಲ. ಇಬ್ಬರನ್ನೂ ಸೇರಿಸಿದರೆ ಒಬ್ಬ ಪೂರ್ತಿ ಗಂಡ ಆಗುತ್ತಾನೆ, ಬಿಡು!"

ಎರಡು ಮುಖ ಸೇರಿಸುವುದು ಹೇಗೆಂದು ಪುಸ್ತಕದಲ್ಲಿತ್ತು. ಪರದೆಯ ಹಿಂದೆ ಕೂರಿಸಿ ಮಾಡಿಕೊಟ್ಟೆ. ಅವರು ತಂಗಿಯರನ್ನೂ ಶಾಲೆಯ ಟೀಚರುಗಳನ್ನೂ ಕರೆತಂದರು. ಗುರುವಾರದ ಹೊತ್ತಿಗೆ ಎಲ್ಲ ಸೇರಿ ಇಪ್ಪತ್ತೊಂದು ಫೋನು ಹೋಯಿತು. ಹತ್ತೊಂಬತ್ತು ಉಳಿಯಿತು.

೪. ಇಲ್ಲದ ತಂಗಿ

ಇದು ಸಣ್ಣದು. ಕಂಪೆನಿಯವರು ಅಂಗಡಿ ಮಾಲಕಿಯ ಫೋಟೊ ಕೇಳಿದರು. ಅದೇ ಫೋನಿನಲ್ಲಿ ತೆಗೆದೆ. ಮುಖ ಕಂಡರೆ ಕ್ಯಾಮೆರಾ ಅದನ್ನು ತಾನಾಗಿಯೇ ನುಣುಪು ಮಾಡುತ್ತದೆ ಎಂದು ಪುಸ್ತಕದಲ್ಲಿ ಓದಿದ್ದೆ; ಜಾಹೀರಾತಿನ ಮಾತು ಎಂದುಕೊಂಡಿದ್ದೆ. ಗಂಡನಿಗೂ ಒಂದು ಕಳಿಸಿದೆ. ಕೂಡಲೇ ಫೋನ್ ಬಂತು.

"ಇದು ಯಾರು, ನಿನ್ನ ತಂಗಿಯಾ?"

"ನನಗೆ ತಂಗಿ ಇಲ್ಲವಲ್ಲ!"

"ಇದ್ದಿದ್ದರೆ ಆಗಲೇ ಹೇಳಬೇಕಿತ್ತು."

ಅದನ್ನು ಆಫ್ ಮಾಡಲು ಮೂರು ಸಲ ಒತ್ತಿದರೆ ಸಾಕು. ನನಗೆ ಬರುತ್ತದೆ. ಆದರೂ ನನ್ನ ಫೋನಿನಲ್ಲಿ ಈಗಲೂ ಅದು ಆನ್ ಇದೆ; ಕಾರಣ ಕೇಳಬಾರದು.

೫. ಹದಿಮೂರನೇ ಕಪ್ಪು

ಆ ಗುರುವಾರ ಬಂದೇ ಬಂತು. ಹತ್ತೊಂಬತ್ತು ಪೆಟ್ಟಿಗೆಗಳು ಕಪಾಟಿನಲ್ಲಿ ಹಾಗೆಯೇ ಕೂತಿದ್ದವು. ಬೆಳಿಗ್ಗೆ ಮ್ಯಾನೇಜರ್ ಬಂದ. ಅವನ ವ್ಯಾನಿನ ಮೇಲೆ ಏಣಿ ಕಟ್ಟಿತ್ತು. ನನ್ನ ಬೋರ್ಡು ಇಳಿಸಲು ಬಂದ ಏಣಿ ಅದು.

"ಮೇಡಂ, ಹನ್ನೆರಡಕ್ಕೆ ಎದುರಿನವರ ಹತ್ತಿರ ಮೀಟಿಂಗ್ ಉಂಟು" ಎಂದ. ಅವನಿಗೇ ಬೇಸರವಿತ್ತು.

"ಮೊದಲು ಖಾವಾ ಕುಡಿಯಿರಿ" ಎಂದೆ.

ಈ ದೇಶದಲ್ಲಿ ಖಾವಾ, ಅಂದರೆ ಹಾಲಿಲ್ಲದ ಕಾಫಿ, ಕೊಡುವುದು ಹಿಡಿಯಿಲ್ಲದ ಪುಟ್ಟ ಕಪ್ಪಿನಲ್ಲಿ. ಕುಡಿದವರು ಕಪ್ಪನ್ನು ಕೈಯಲ್ಲಿ ಸ್ವಲ್ಪ ಅಲ್ಲಾಡಿಸಿದರೆ ಸಾಕು ಎಂದರ್ಥ. ಅಲ್ಲಾಡಿಸದಿದ್ದರೆ ಕೊಡುವವರು ಬಗ್ಗಿಸುತ್ತಲೇ ಇರಬೇಕು. ಇದು ಅವನಿಗೆ ಗೊತ್ತಿರಲಿಲ್ಲ. ಬಗ್ಗಿಸಿದ್ದನ್ನು ಉಳಿಸಿದರೆ ನನಗೆ ಅವಮಾನವೆಂದು ತಿಳಿದುಕೊಂಡಿದ್ದ, ಒಳ್ಳೆಯ ಮನೆಯ ಹುಡುಗ. ಅವನು ಖಾಲಿ ಮಾಡಿದ, ನಾನು ತುಂಬಿಸಿದೆ. ಅವನು ಕುಡಿಯುವವರೆಗೆ ಏಳಲಾರ. ಅವನು ಏಳುವವರೆಗೆ ಬೋರ್ಡು ನನ್ನದು. ಹನ್ನೆರಡು ಗಂಟೆ ಹೊಡೆಯಿತು. ಒಂಬತ್ತನೇ ಕಪ್ಪು ನಡೆಯುತ್ತಿತ್ತು.

ಅಷ್ಟರಲ್ಲಿ ಬಾಗಿಲಲ್ಲಿ ಒಂದು ಪಿಕಪ್ ಬಂದು ನಿಂತಿತು. ಇಬ್ಬರು ಒಮಾನಿಗಳು ಜಗಳವಾಡುತ್ತಾ ಇಳಿದರು, ಅವರ ಹಿಂದೆ ಒಂದು ಗಂಡು ಆಡನ್ನು ಇಳಿಸಿದರು. ಒಬ್ಬರು ಹಿಂದಿನ ವಾರ ನನ್ನಲ್ಲಿ ಈ ಫೋನು ಕೊಂಡವರು, ಇಬ್ರಿಯ ಆಡಿನ ವ್ಯಾಪಾರಿ. ಇನ್ನೊಬ್ಬರು ವಾಟ್ಸಾಪಿನಲ್ಲಿ ಫೋಟೊ ನೋಡಿ, ಆ ಆಡು ತನಗೇ ಬೇಕೆಂದು ಸುವೈಕ್‌ನಿಂದ ಅಷ್ಟು ದೂರ ಗಾಡಿ ಓಡಿಸಿಕೊಂಡು ಬಂದವರು.

"ಉಖ್ತೀ, ನೀನೇ ನ್ಯಾಯ ಹೇಳು" ಎಂದರು ಸುವೈಕಿನವರು. ಇಲ್ಲಿ ಅಕ್ಕತಂಗಿಯರನ್ನು ಕರೆಯುವುದು ಹಾಗೆ. "ಈ ಫೋಟೊದ ಆಡು ಎಲ್ಲಿ?"

ನೋಡಿದೆ. ಫೋಟೊದ ಆಡಿಗೆ ಮೈಯೆಲ್ಲ ಹೊಳಪು, ದೊಡ್ಡ ಕಣ್ಣು, ಕಂದು ಗಡ್ಡ. ಬಾಗಿಲಲ್ಲಿ ನಿಂತ ಆಡಿನ ಗಡ್ಡ ಪೂರಾ ಬೆಳ್ಳಗಾಗಿತ್ತು. ಮದುವೆಮನೆಯಲ್ಲಿ ಕೊನೆಯ ಪಂಕ್ತಿಗೆ ಕಾದು ಸುಸ್ತಾದ ಹಿರಿಯರ ಹಾಗೆ ನಿಂತಿತ್ತು.

"ವಲ್ಲಾ, ಇದೇ ಅದು!" ಎಂದು ಆಣೆ ಹಾಕಿದರು ವ್ಯಾಪಾರಿ.

"ಇದು ಅದರ ಅಜ್ಜ!"

"ನಾನೇನೂ ಮಾಡಿಲ್ಲ. ಮಾಡಿದ್ದು ಇವಳು ಕೊಟ್ಟ ಫೋನು!"

ಮ್ಯಾನೇಜರ್ ಕಪ್ಪು ಹಿಡಿದುಕೊಂಡೇ ಎದ್ದು ನಿಂತ. "ಮೇಡಂ, ಕಂಪ್ಲೇಂಟಾ?"

ನನ್ನ ಪುಸ್ತಕದ ಇಂಗ್ಲಿಷಿನಲ್ಲಿ ಹೇಳಿದೆ: "ಕ್ಯಾಮೆರಾ ಮುಖವನ್ನು ಗುರುತಿಸುತ್ತದೆ. ಮುಖವನ್ನು ನುಣುಪು ಮಾಡುತ್ತದೆ. ಆಡಿಗೂ ಮುಖವಿದೆ."

ಅವನ ಮುಖ ಬಿಳುಚಿತು. ವ್ಯಾನಿನ ಏಣಿಯ ಕಡೆ ನೋಡಿದ. ನಾನೂ ನೋಡಿದೆ. ನನಗೆ ಎಲ್ಲಿಲ್ಲದ ಛಲ ಬಂತು.

"ಇದು ಫೋನಿನ ತಪ್ಪಲ್ಲ" ಎಂದು ಇಡೀ ಬೀದಿಗೆ ಕೇಳುವ ಹಾಗೆ ಅರಬಿಯಲ್ಲಿ ಹೇಳಿದೆ. "ಪುಸ್ತಕ ಓದದವರ ತಪ್ಪು. ಮೂರು ಸಲ ಒತ್ತಿದರೆ ಈ ನುಣುಪು ಖಲಾಸ್. ಇನ್ನು ಮೇಲೆ ಮುದಿ ಆಡು ಮುದಿಯಾಗಿಯೇ ಕಾಣುತ್ತದೆ. ಕೊಡಿ ಇಲ್ಲಿ!"

ವ್ಯಾಪಾರಿಯ ಫೋನಿಗೆ ಕೈ ಚಾಚಿದೆ. ಅವರು ಅದನ್ನು ಎದೆಗೆ ಒತ್ತಿಕೊಂಡು ಎರಡು ಹೆಜ್ಜೆ ಹಿಂದೆ ಸರಿದರು.

"ಮುಟ್ಟಬೇಡ ಉಖ್ತೀ! ಮನೆಯಲ್ಲಿ ಇನ್ನೂ ಆರು ಇವೆ!"

ಬಕ್ರೀದಿನ ಸಂತೆಗೆ ಬಂದವರು ಜಗಳ ನೋಡಲು ಅಂಗಡಿಯ ಮುಂದೆ ಕೂಡಿದ್ದರು. ಹಿಂದಿನಿಂದ ಯಾರೋ ಕೇಳಿದರು, "ಈ ಫೋನು ಇನ್ನೂ ಇದೆಯಾ?"

ಇನ್ನೊಬ್ಬರು, "ಒಂಟೆಗೂ ಆಗುತ್ತದಾ?"

"ಒಂಟೆಯ ವಿಷಯ ಪುಸ್ತಕದಲ್ಲಿ ಬರೆದಿಲ್ಲ" ಎಂದೆ. ನಾನು ಸುಳ್ಳು ಹೇಳುವವಳಲ್ಲ. ಒಬ್ಬೊಬ್ಬರಿಗೂ "ನುಣುಪು ಆಫ್ ಮಾಡಿ ಕೊಡಲಾ?" ಎಂದು ಕೇಳಿಯೇ ಕೊಟ್ಟೆ. ಒಬ್ಬರೂ ಹೂಂ ಅನ್ನಲಿಲ್ಲ. ಕಂಪೆನಿಯ ಹೆಸರನ್ನಂತೂ ಯಾರೂ ಕೇಳಲಿಲ್ಲ.

ಈ ನಡುವೆ ಜಗಳವಾಡಿದವರಿಬ್ಬರೂ ಮ್ಯಾನೇಜರನ ಪಕ್ಕದಲ್ಲಿ ಖಾವಾಕ್ಕೆ ಕೂತಿದ್ದರು. ಇಷ್ಟು ದೂರ ಬಂದು ಬರಿಗೈಯಲ್ಲಿ ಹೋಗುವುದು ಹೇಗೆಂದು ಸುವೈಕಿನವರು ಆಡನ್ನು ಒಪ್ಪಿಕೊಂಡರು. ವ್ಯಾಪಾರಿ ಅದರ ಜೊತೆಗೆ ಒಂದು ಡಬ್ಬಿ ಖರ್ಜೂರ ಕೊಡುವುದೆಂದು ಮಾತಾಯಿತು. ವ್ಯಾಪಾರಿ ಎರಡು ಕಪ್ಪು ಕುಡಿದು ಕಪ್ಪನ್ನು ಅಲ್ಲಾಡಿಸಿದರು. ನಾನು ಕೆಟಲ್ ಹಿಂದಕ್ಕೆ ತೆಗೆದೆ. ಹದಿಮೂರನೇ ಕಪ್ಪು ಹಿಡಿದಿದ್ದ ಮ್ಯಾನೇಜರ್ ಅದನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ.

"ಮೇಡಂ, ಇದು ನಿಮಗೆ ಬೆಳಿಗ್ಗೆಯೇ ಗೊತ್ತಿತ್ತಾ?"

"ಇದು ಪುಸ್ತಕದಲ್ಲಿ ಇರಲಿಲ್ಲ" ಎಂದೆ.

ಅವನು ಬಾತ್‌ರೂಮ್ ಎಲ್ಲಿ ಎಂದು ಕೇಳಿ ಓಡಿದ. ವಾಪಸ್ ಬಂದು ಮಾರಾಟದ ಬಿಲ್ಲುಗಳನ್ನು ಎಣಿಸಿದ. ಮೂವತ್ತೊಂಬತ್ತು. ಕಪಾಟಿನಲ್ಲಿ ಒಂದು ಉಳಿದಿತ್ತು.

"ಮೇಡಂ, ಮಾತು ನಲವತ್ತರದ್ದು" ಎಂದ ಮೆಲ್ಲಗೆ.

ಅದನ್ನು ನಾನೇ ಕೊಂಡುಬಿಡಬಹುದಿತ್ತು. ಆದರೆ ಹಾಗೆ ಉಳಿಸಿಕೊಂಡ ಬೋರ್ಡಿನ ಕೆಳಗೆ ತಲೆಯೆತ್ತಿ ನಿಲ್ಲಲು ನನ್ನಿಂದಾಗದು. "ಸರಿ, ಏಣಿ ಇಳಿಸಿ" ಎಂದೆ. ಅವನು ಅಲ್ಲಾಡಲಿಲ್ಲ, ನಾನೂ ಅಲ್ಲಾಡಲಿಲ್ಲ.

ಆಗ ಸುವೈಕಿನವರು ಖಾವಾ ಮುಗಿಸಿ ಕೌಂಟರಿಗೆ ಬಂದರು. ಹೊರಗೆ ಮತ್ತೆ ಪಿಕಪ್ಪು ಹತ್ತಿ ಅಜ್ಜನ ಹಾಗೆ ನಿಂತಿದ್ದ ಆಡನ್ನೊಮ್ಮೆ ನೋಡಿ, ಯಾರಿಗೂ ಕೇಳದ ಹಾಗೆ ಬಗ್ಗಿ, "ಉಖ್ತೀ, ಆ ಒಂದನ್ನು ನನಗೆ ಕೊಡು" ಎಂದರು.

"ನುಣುಪು ಆಫ್ ಮಾಡಿ ಕೊಡಲಾ?"

"ಬೇಡ, ಬೇಡ! ನಾಳೆ ನಾನು ಈ ಆಡನ್ನು ಸುವೈಕಿನಲ್ಲಿ ಮಾರುವುದು ಬೇಡವಾ?"