ಮುನ್ನೂರು ಗಜದಾಚೆಯ ಟಣ್

ಕೊನೆಗೆ ಬಂದವನೇ ಮುಂದಿನ ವರ್ಷದ ಪಂದ್ಯ ನಡೆಸಿಕೊಡಬೇಕು. ಏಳು ವರ್ಷಗಳ ಹಿಂದೆ ಯಾರೋ ಕಾಫಿ ಕುಡಿಯುತ್ತ ಸೂಚಿಸಿ, ಇನ್ಯಾರೋ ಅನುಮೋದಿಸಿ, ಉಳಿದವರು ಕೈಯೆತ್ತಿ ಒಪ್ಪಿದ ಈ ಒಂದು ಸಾಲಿನ ನಿಯಮ ಆರ್ವಿಡ್ ಟೊಲೆಫ್ಸನ್‌ನನ್ನು ಗಾಣಕ್ಕೆ ಕಟ್ಟಿದ ಎತ್ತು ಮಾಡಿಬಿಟ್ಟಿತ್ತು.

ಪಂದ್ಯವೇನೂ ದೊಡ್ಡದಲ್ಲ. ಕಪ್ಪಿಲ್ಲ, ಬಹುಮಾನವಿಲ್ಲ. ಗೋಧಿ ಕಟಾವು ಮುಗಿದ ಮೇಲೆ, ಸೆಪ್ಟೆಂಬರಿನ ಎರಡನೆಯ ಶನಿವಾರ, ಮೊಂಟಾನಾದ ಉತ್ತರದ ಅಂಚಿನಲ್ಲಿ, ಕೆನಡಾ ಗಡಿಗೆ ಒಂದು ಸಿಗರೇಟು ಸೇದಿ ಮುಗಿಸುವಷ್ಟು ದೂರದಲ್ಲಿ, ಹನ್ನೊಂದು ಜನ ನೆರೆಹೊರೆಯವರು ತಮ್ಮ ಪಾಯಿಂಟ್ ಟೂ ಟೂ ರೈಫಲ್ಲುಗಳನ್ನು ತಂದು ಹುಲ್ಲಿನ ಮೇಲೆ ಬೋರಲು ಮಲಗುತ್ತಾರೆ. ಅದು ಅಳಿಲು ಹೊಡೆಯುವ ರೈಫಲ್. ಹೊಡೆಯಬೇಕಾದ್ದು ಮುನ್ನೂರು ಗಜ ದೂರದ ಉಕ್ಕಿನ ತಟ್ಟೆ. ಅಷ್ಟು ದೂರಕ್ಕೆ ಆ ಪುಟ್ಟ ಗುಂಡು ದಣಿದು ಜೋತುಬೀಳುತ್ತದೆ. ಹಾಗಾಗಿ ತಟ್ಟೆಗೆ ತಾಗಬೇಕಾದರೆ ತಟ್ಟೆಯನ್ನು ಬಿಟ್ಟು ಅದರ ಮೇಲೆ ಎರಡಾಳು ಎತ್ತರಕ್ಕೆ ಗುರಿಯಿಡಬೇಕು. ಗಾಳಿ ಬೀಸಿದರೆ ಇನ್ನೂ ಒಂದು ಗಜ ಪಕ್ಕಕ್ಕೆ. ಟ್ರಿಗರ್ ಎಳೆದು, ಉಸಿರು ಬಿಟ್ಟು, ಮೂಗು ಕೆರೆದುಕೊಂಡ ಮೇಲೆ ದೂರದಿಂದ 'ಟಣ್' ಎಂದು ಕೇಳಿಸುತ್ತದೆ. ಕೇಳಿಸದಿದ್ದರೆ ಅಕ್ಕಪಕ್ಕದವರ ನಗು ಕೇಳಿಸುತ್ತದೆ.

ಆರು ವರ್ಷಗಳಿಂದ ಆರ್ವಿಡ್‌ಗೆ ಕೇಳಿಸುತ್ತಿದ್ದುದು ನಗುವೇ. ಅದರಲ್ಲಿ ಅವನ ತಪ್ಪು ಕಡಿಮೆ. ಪಂದ್ಯ ನಡೆಸುವವನು ಹುಲ್ಲು ಕತ್ತರಿಸಬೇಕು, ತಟ್ಟೆಗೆ ಬಿಳಿ ಬಣ್ಣ ಬಳಿಯಬೇಕು, ಬಾವುಟ ನೆಡಬೇಕು, ಈರುಳ್ಳಿ ಹೆಚ್ಚಬೇಕು, ಜಗಳ ಬಿಡಿಸಬೇಕು. ಅಭ್ಯಾಸಕ್ಕೆ ಪುರುಸೊತ್ತೆಲ್ಲಿ? ಅತಿಥಿಗಳು ಮೊದಲು ಎಂಬ ಮರ್ಯಾದೆಯಿಂದ ಅವನು ಹೊಡೆಯುವುದು ಎಲ್ಲರಿಗಿಂತ ಕೊನೆಗೆ, ಮಧ್ಯಾಹ್ನದ ಗಾಳಿ ಹುಚ್ಚೆದ್ದ ಮೇಲೆ. ಹಾಗಾಗಿ ಕೊನೆಗೆ ಬರುತ್ತಾನೆ. ಕೊನೆಗೆ ಬಂದದ್ದಕ್ಕೆ ಮತ್ತೆ ಪಂದ್ಯ ನಡೆಸುತ್ತಾನೆ. ನಡೆಸಿದ್ದಕ್ಕೆ ಮತ್ತೆ ಕೊನೆಗೆ ಬರುತ್ತಾನೆ.

ಈ ಸಲ ಮಾತ್ರ ಹಾಗಾಗುವಂತಿರಲಿಲ್ಲ. ಆರ್ವಿಡ್ ಮತ್ತು ವರ್ನಾ ಮದುವೆಯಾದದ್ದೂ ಸೆಪ್ಟೆಂಬರಿನ ಎರಡನೆಯ ಶನಿವಾರವೇ, ಮುಂದಿನ ವರ್ಷಕ್ಕೆ ನಲವತ್ತು ವರ್ಷ. ಕಳೆದ ಆರು ವಾರ್ಷಿಕೋತ್ಸವಗಳನ್ನು ವರ್ನಾ ಹಾಟ್ ಡಾಗ್ ಬನ್ನುಗಳಿಗೆ ಬೆಣ್ಣೆ ಸವರುತ್ತ ಕಳೆದಿದ್ದಳು. ನಲವತ್ತನೆಯದಕ್ಕೆ ಸರೋವರದ ದಂಡೆಯಲ್ಲೊಂದು ಮರದ ಮನೆಯನ್ನು ಈಗಲೇ ಗೊತ್ತುಮಾಡಿಟ್ಟಿದ್ದಳು.

"ಇಬ್ಬರಿಗೆ ಹೇಳಿದೀನಿ," ಎಂದಳು ಬೆಳಿಗ್ಗೆ, ಬನ್ನಿನ ಮೇಲಿಂದ ಕಣ್ಣೆತ್ತದೆ. "ಎರಡನೆಯವರು ನೀನೋ ನಮ್ಮಕ್ಕನೋ, ಇವತ್ತು ಸಂಜೆ ಗೊತ್ತಾಗುತ್ತೆ. ಗೆಲ್ಲು ಅಂತ ನಾನೇನೂ ಕೇಳ್ತಿಲ್ಲ ಆರ್ವಿಡ್. ಒಬ್ಬರನ್ನ, ಒಂದೇ ಒಬ್ಬರನ್ನ ಹಿಂದೆ ಹಾಕು. ಸಾಕು."

"ಹಾಕ್ತೀನಿ."

"ಹೋದ ವರ್ಷವೂ ಹೀಗೇ ಅಂದಿದ್ದೆ. ಆಮೇಲೆ ಇಂಗಾ ಅಜ್ಜಿ ಒಂದು ಕಣ್ಣಿಗೆ ಬ್ಯಾಂಡೇಜು ಕಟ್ಕೊಂಡು ನಿನ್ನನ್ನ ಸೋಲಿಸಿದ್ರು."

ಒಂಬತ್ತು ಗಂಟೆಗೆ ಪಿಕಪ್ಪುಗಳು ಬಂದವು. ಎಲ್ಲರಿಗಿಂತ ಮೊದಲು ಇಳಿದವನು ಪಕ್ಕದ ಜಮೀನಿನ ಡೆಲ್ಬರ್ಟ್. ನಾಲ್ಕು ವರ್ಷಗಳಿಂದ ಅವನೇ ಗೆಲ್ಲುತ್ತಿದ್ದ. ಬಹುಮಾನವಿಲ್ಲದ್ದರಿಂದ ತನ್ನ ಬಹುಮಾನವನ್ನು ತಾನೇ ಬಾಯಲ್ಲಿ ಕೊಟ್ಟುಕೊಳ್ಳುತ್ತಿದ್ದ. ಕೈಯಲ್ಲಿ ಒಂದು ಪೊಟ್ಟಣವಿತ್ತು.

"ಏನಯ್ಯಾ ಅದು?" ಎಂದ ಆರ್ವಿಡ್.

"ಹೊಸ ಏಪ್ರನ್. ನಿನಗೇ ತಂದೆ. ಮುಂದಿನ ವರ್ಷ ಈರುಳ್ಳಿ ಹೆಚ್ಚುವಾಗ ಬೇಕಾಗುತ್ತಲ್ಲ."

ನಗು ಹುಲ್ಲುಗಾವಲಿನುದ್ದಕ್ಕೂ ಉರುಳಿತು. ಪಾದ್ರಿ ಲುಂಡೀನ್ ಕೂಡ ನಕ್ಕು, ತಕ್ಷಣ ಕೆಮ್ಮಿನಿಂದ ಅದನ್ನು ಮುಚ್ಚಿಕೊಂಡರು.

ಬೆಳಗಿನ ಗಾಳಿ ಸಾಧುವಾಗಿತ್ತು. ಡೆಲ್ಬರ್ಟ್ ಹತ್ತಕ್ಕೆ ಏಳು ಹೊಡೆದು, ಎದ್ದು ನಿಂತು, ಫೋಟೋ ತೆಗೆಯುವವರಿಗೆ ಬೇಕಾದೀತು ಎಂಬಂತೆ ತುಸು ಹೊತ್ತು ಹಾಗೇ ಇದ್ದ. ಇಂಗಾ ಅಜ್ಜಿಗೆ ಎಂಬತ್ತೊಂದು, ಮಲಗುವುದಕ್ಕೆ ಇಬ್ಬರು, ಏಳಿಸುವುದಕ್ಕೆ ಮೂವರು ಬೇಕು, ಆದರೂ ಐದು. ಉಳಿದವರು ಮೂರು, ನಾಲ್ಕು, ಆರು. ಎಂಟು ಜನ ಮುಗಿಸಿದರು. ಪಾದ್ರಿ, ಗೋಧಿ ಗೋದಾಮಿನ ಮ್ಯಾನೇಜರ್ ಕರ್ಟಿಸ್, ಕೊನೆಗೆ ಆರ್ವಿಡ್, ಈ ಮೂವರು ಊಟವಾದ ಮೇಲೆ.

ಊಟಕ್ಕೆ ಕೂರುವಷ್ಟರಲ್ಲಿ ಅಜ್ಜಿ ಕೂಗಿದರು: "ಮಗೂ ಆರ್ವಿಡ್, ತಟ್ಟೆಗೆ ಕೊಂಬು ಬಂದಿದೆ!"

ತಟ್ಟೆಯ ಮುಂದೆ ಡೆಲ್ಬರ್ಟನ ಏಳು ಕಡಸುಗಳು ನಿಂತು, ಬಿಳಿ ಬಣ್ಣವನ್ನು ನೆಕ್ಕುತ್ತಿದ್ದವು. ಯಾರೋ ಬೇಲಿಯ ಬಾಗಿಲು ಮುಚ್ಚಿರಲಿಲ್ಲ.

"ನಿನ್ನ ದನ, ನೀನೇ ಹೊಡಿ," ಎಂದ ಆರ್ವಿಡ್.

"ದನ ನಂದು, ಪಂದ್ಯ ನಿಂದು," ಎಂದ ಡೆಲ್ಬರ್ಟ್, ಎರಡನೆಯ ಹಾಟ್ ಡಾಗ್‌ಗೆ ಸಾಸಿವೆ ಹಚ್ಚುತ್ತ. "ಮೈದಾನ ಖಾಲಿ ಇಡೋದು ನಡೆಸೋನ ಕೆಲಸ ಕಣಯ್ಯಾ."

ಆರ್ವಿಡ್ ಎಲ್ಲ ರೈಫಲ್ಲುಗಳೂ ಖಾಲಿಯಿವೆಯೆಂದು ನೋಡಿ, ಕೆಂಪು ಬಾವುಟ ಏರಿಸಿ, ನಡೆದ. ಕಡಸುಗಳು ಅವನನ್ನು ಕಂಡು ಸಂತೋಷದಿಂದ ಏಳು ದಿಕ್ಕಿಗೆ ಓಡಿದವು. ಒಂದನ್ನು ಬಾಗಿಲಿಗೆ ತರುವಷ್ಟರಲ್ಲಿ ಇನ್ನೊಂದು ಹಿಂದಿನಿಂದ ಬಂದು ಅವನ ಟೋಪಿಯ ರುಚಿ ನೋಡಿತು. ಸಗಣಿಯಲ್ಲಿ ಒಮ್ಮೆ ಜಾರಿದ, ಮುಳ್ಳುತಂತಿಗೆ ಪ್ಯಾಂಟಿನ ಒಂದು ಪಾಲು ಕೊಟ್ಟ. ಮೈದಾನದ ನಡುವಿನ ಹಳ್ಳದಲ್ಲಿ ಉಸಿರಿಗಾಗಿ ಕೂತಾಗಲೇ ಅದು ಅವನ ಕಣ್ಣಿಗೆ ಬಿದ್ದದ್ದು: ಗುಂಡು ಹಾರಿಸುವ ಸಾಲಿನಲ್ಲಿ ಬಾವುಟಗಳು ಎಡದಿಂದ ಬಲಕ್ಕೆ ಪಟಪಟ ಹೊಡೆದುಕೊಳ್ಳುತ್ತಿದ್ದವು, ಇಲ್ಲಿ ಹಳ್ಳದಲ್ಲಿ ಹುಲ್ಲು ಬಲದಿಂದ ಎಡಕ್ಕೆ ಬಾಗುತ್ತಿತ್ತು. ಅತ್ತ ನೂಕಿದ ಗಾಳಿಯೇ ಇತ್ತ ತಿರುಗಿ ವಾಪಸು ನೂಕುತ್ತಿದೆ. ಹಾಗಾದರೆ ಪಕ್ಕಕ್ಕೆ ಗುರಿಯಿಡಬೇಕಾದ್ದೇ ಇಲ್ಲ. ನೇರವಾಗಿ ಹೊಡೆದರೆ ಸಾಕು! ಆರು ವರ್ಷಗಳಲ್ಲಿ ಮೊದಲ ಸಲ ಆರ್ವಿಡ್‌ಗೆ ಕಡಸುಗಳ ಮೇಲೆ ಪ್ರೀತಿ ಬಂತು.

ಏಳನ್ನೂ ಬೇಲಿಯಾಚೆ ಅಟ್ಟಿ ಅವನು ಹಿಂತಿರುಗಿದಾಗ ಊಟ ಮುಗಿದು ಒಂದು ಗಂಟೆಯಾಗಿತ್ತು. ಎಲ್ಲರೂ ಅವನನ್ನು ವಿಚಿತ್ರವಾದ ಅಕ್ಕರೆಯಿಂದ ನೋಡಿದರು. ಇಂಗಾ ಅಜ್ಜಿ ಅವನ ಬೆನ್ನು ಸವರಿದರು. ಯಾರೋ ಅವನಿಗೆಂದು ಚೆರ್ರಿ ಪೈ ತೆಗೆದಿಟ್ಟಿದ್ದರು. ಇಂಥದ್ದು ಹಿಂದೆಂದೂ ಆಗಿರಲಿಲ್ಲ. ವರ್ನಾಳಂತೂ ಬೆಳಗಿನ ಬಿಗಿಯೆಲ್ಲ ಬಿಟ್ಟು ಮದುಮಗಳ ಹಾಗೆ ಕೂತಿದ್ದಳು. ಡೆಲ್ಬರ್ಟ್ ಒಬ್ಬ ಮಾತ್ರ ಹಲ್ಲುನೋವು ಬಂದವನಂತೆ ಕೆನ್ನೆಗೆ ಕೈಕೊಟ್ಟಿದ್ದ.

'ಪ್ಯಾಂಟು ಹರಿದದ್ದು ನೋಡಿ ಪಾಪ ಅಂದುಕೊಂಡಿದ್ದಾರೆ,' ಎಂದುಕೊಂಡ ಆರ್ವಿಡ್. ಆ ಸೀಮೆಯಲ್ಲಿ ಯಾರೂ ಯಾರಿಗೂ ಮಾಡಿದ ಉಪಕಾರವನ್ನು ಮುಖಕ್ಕೆ ಹೇಳುವುದಿಲ್ಲ. ಹೇಳಿದರೆ ಅದು ಜಂಬ. ಅವನೂ ಕೇಳಲಿಲ್ಲ.

ಪಾದ್ರಿ ಮಲಗಿದರು. ಮೊದಲ ಗುಂಡು ಎಲ್ಲೋ ಹೋಯಿತು. ಎರಡನೆಯದು ಇನ್ನೂ ಎಲ್ಲೋ. ಮೂರನೆಯದಕ್ಕೆ ಸೀನುತ್ತಲೇ ಟ್ರಿಗರ್ ಎಳೆದರು: ಟಣ್! ಪಾದ್ರಿಯ ಮುಖ ಬಿಳಿಚಿಕೊಂಡಿತು. ಮಿಕ್ಕವೂ ಹಾಳು. ಹತ್ತಕ್ಕೆ ಒಂದು. ಅವರು ಆಕಾಶ ನೋಡಿ ಏನೋ ಗೊಣಗಿ, ಹಾಯಾಗಿ ಹೋಗಿ ಕೂತರು.

ಕರ್ಟಿಸ್ ಹೋದ ವರ್ಷ ಎರಡನೆಯವನಾಗಿ ಬಂದವನು. ಇವತ್ತು ಅವನ ಹತ್ತು ಗುಂಡುಗಳೂ ನೇರವಾಗಿ ಕೆನಡಾಕ್ಕೆ ಹೊರಟಂತಿದ್ದವು. ಸೊನ್ನೆ! ಎದ್ದು ಬರುವಾಗ ಶಿಳ್ಳೆ ಹಾಕುತ್ತಿದ್ದ.

ಆರ್ವಿಡ್‌ನ ಎದೆ ಹಿಗ್ಗಿತು. ಒಂದೇ ಒಂದು ಗುಂಡು ತಾಗಿದರೆ ಸಾಕು, ಕರ್ಟಿಸ್ ಕೊನೆಯವನು! ಸರೋವರ, ಮರದ ಮನೆ, ಬೆಣ್ಣೆ ಸವರಬೇಕಿಲ್ಲದ ವರ್ನಾ!

ಅವನು ಹುಲ್ಲಿನ ಮೇಲೆ ಮಲಗಿದಾಗ ಪಕ್ಕದಲ್ಲಿ ಯಾರೋ ಧಪ್ಪನೆ ಕೂತರು. ಡೆಲ್ಬರ್ಟ್! ತಾನು ಯಾರಿಗೂ ಮುಟ್ಟಗೊಡದ ದೊಡ್ಡ ದುರ್ಬೀನನ್ನು ಅಂಗಿಯ ತುದಿಯಿಂದ ಒರೆಸುತ್ತಿದ್ದ.

"ಗುಂಡು ಎಲ್ಲಿ ಬಿತ್ತು ಅಂತ ನಾನು ನೋಡಿ ಹೇಳ್ತೀನಿ ಮಾರಾಯಾ. ಗಾಳಿ ಬಲಕ್ಕಿದೆ. ಎಡಕ್ಕೆ ಒಂದು ಗಜ ಹಿಡಿ."

"ಬೇಡ. ನಾನು ಅಲ್ಲಿಗೆ ಹೋಗಿ ಬಂದಿದೀನಿ. ನೇರ ಹೊಡಿತೀನಿ."

ಡೆಲ್ಬರ್ಟ್ ಕೈಮುಗಿದ. "ಬೇಡ ಕಣೋ, ಹಾಳು ಮಾಡ್ಬೇಡ, ದಯವಿಟ್ಟು..."

ಆರ್ವಿಡ್ ಟ್ರಿಗರ್ ಎಳೆದ. ಒಂದು ಕ್ಷಣ. ಇನ್ನೊಂದು ಕ್ಷಣ.

ಟಣ್.

"ದೇವರೇ!" ಎಂದ ಡೆಲ್ಬರ್ಟ್, ಅಳುವವನ ಹಾಗೆ. "ನೀನು ಹೇಳಿದ್ದೇ ಸರಿ. ನಾನು ಬಾಯಿ ಮುಚ್ಕೊಂಡಿರ್ತೀನಿ. ಹೊಡಿ!"

ಎರಡನೆಯದು: ಟಣ್. ಕೆಲಸ ಮುಗಿದಿತ್ತು, ಇಲ್ಲಿಗೆ ರೈಫಲ್ ಕೆಳಗಿಟ್ಟು ಮನೆಗೆ ಹೋಗಬಹುದಿತ್ತು. ಆದರೆ ಆರು ವರ್ಷ ನಗು ಕೇಳಿದ ಕಿವಿಗೆ ಎರಡು ಟಣ್ ಸಾಲುವುದಿಲ್ಲ. ಮೂರನೆಯದು ತಪ್ಪಿತು. ನಾಲ್ಕು, ಐದು, ಆರು: ಟಣ್, ಟಣ್, ಟಣ್.

ಹಿಂದೆ ಯಾರೋ ಜೋರಾಗಿ ಕೆಮ್ಮಿದರು. ಆರ್ವಿಡ್ ಓರೆಗಣ್ಣಿನಿಂದ ನೋಡಿದ. ವರ್ನಾ ಎದ್ದು ನಿಂತು, ಬೆಣ್ಣೆ ಚಾಕು ಹಿಡಿದ ಕೈಯನ್ನು ಅತ್ತಿಂದಿತ್ತ ಬೀಸುತ್ತಿದ್ದಳು. 'ಪಾಪ, ಗಾಳಿ ಎತ್ತ ಅಂತ ತೋರಿಸ್ತಿದಾಳೆ,' ಎಂದುಕೊಂಡ. 'ಇವಳಿಗೆ ಹಳ್ಳದ ಗುಟ್ಟು ಗೊತ್ತಿಲ್ಲ.' ಮುಗುಳ್ನಕ್ಕು ಹೆಬ್ಬೆರಳೆತ್ತಿ ತೋರಿಸಿದ. ಅವಳು ತಲೆ ಚಚ್ಚಿಕೊಂಡಳು.

"ಆರ್ವಿ..." ಎಂದು ಅವಳು ಬಾಯಿ ತೆರೆದಳೋ ಇಲ್ಲವೋ, ಡೆಲ್ಬರ್ಟ್ ಗರ್ರನೆ ತಿರುಗಿದ.

"ನಿಯಮ! ಹೊಡೆಯುವವನು ಮಲಗಿರುವಾಗ ಹಿಂದಿನವರು ಮಾತಾಡಿದರೆ ಅವನಿಗೆ ಒಂದು ಗುಂಡು ಜಾಸ್ತಿ ಸಿಗುತ್ತೆ! ಮಾತಾಡು ವರ್ನಾ, ಮಾತಾಡು! ಎಷ್ಟು ಬೇಕಾದರೂ ಮಾತಾಡು!"

ವರ್ನಾ ಸೆರಗಿಲ್ಲದ್ದರಿಂದ ಏಪ್ರನ್ನಿನ ತುದಿಯನ್ನೇ ಬಾಯಿಗೆ ತುರುಕಿಕೊಂಡು ಕೂತಳು.

ಏಳನೆಯದು ತಪ್ಪಿತು. ಡೆಲ್ಬರ್ಟ್ ಆರ್ವಿಡ್‌ನ ಹಣೆಯ ಬೆವರನ್ನು ತನ್ನ ಸ್ವಂತ ಕರವಸ್ತ್ರದಿಂದ ಒರೆಸಿದ. ಎಂಟು: ಟಣ್. ಒಂಬತ್ತು: ಟಣ್. ಒಟ್ಟು ಏಳು.

"ಸಮ ಆಯ್ತು ನಂಗೂ ನಿಂಗೂ," ಎಂದ ಡೆಲ್ಬರ್ಟ್, ಕಿವಿಯಲ್ಲಿ. "ಆರ್ವಿಡ್, ಅಣ್ಣಾ, ನಿನ್ನಂಥ ಗುರಿಕಾರನನ್ನ ನಾನು ಇಷ್ಟು ವರ್ಷ ಆಡಿಕೊಂಡೆ. ತಪ್ಪಾಯ್ತು. ಇದೊಂದು ಹೊಡೆದುಬಿಡು. ನಿಧಾನ. ಉಸಿರು ಬಿಡು."

ಗೆದ್ದವನ ಬಾಯಿಂದ ಸೋತವನಿಗೆ 'ಅಣ್ಣಾ' ಬರುವುದು ಸುಮ್ಮನೆ ಅಲ್ಲ ಎಂದು ಬೇರೆ ಯಾವ ದಿನವಾದರೂ ಆರ್ವಿಡ್‌ಗೆ ಹೊಳೆಯುತ್ತಿತ್ತು. ಇವತ್ತು ಅವನ ಕಣ್ಣು ತುಂಬಿತು. ಉಸಿರು ಬಿಟ್ಟ. ತಟ್ಟೆಯ ಮೇಲಿನ ಖಾಲಿ ಆಕಾಶಕ್ಕೆ ಗುರಿಯಿಟ್ಟ. ಎಳೆದ.

ಮೊಂಟಾನಾ ಪೂರ್ತಿ ಸುಮ್ಮನಿತ್ತು.

ಟಣ್.

ಡೆಲ್ಬರ್ಟ್ ಅವನನ್ನು ಎತ್ತಿ ತಬ್ಬಿಕೊಂಡು, ಎರಡು ಸುತ್ತು ತಿರುಗಿಸಿ, ಕೆಳಗಿಟ್ಟ. "ಎಂಟು! ಎಂಟು! ಗೆದ್ದ! ಎಲ್ಲರೂ ಕೇಳಿಸ್ಕೊಂಡ್ರಾ? ನಾನಲ್ಲ, ಇವನು ಗೆದ್ದ!"

ಚಪ್ಪಾಳೆ ಬರಲಿಲ್ಲ. ಹತ್ತು ಜನ ತಂತಮ್ಮ ಬೂಟುಗಳನ್ನು ನೋಡುತ್ತಿದ್ದರು.

"ಏನಾಯ್ತು?" ಎಂದ ಆರ್ವಿಡ್.

ಪಾದ್ರಿ ಇಂಗಾ ಅಜ್ಜಿಯ ಕಡೆ ತಿರುಗಿದರು. "ಅಜ್ಜಿ, ಓದಿಬಿಡಿ."

ಇಂಗಾ ಅಜ್ಜಿ ಸಾಸಿವೆ ಮೆತ್ತಿದ ಒಂದು ಕಾಗದದ ತಟ್ಟೆಯನ್ನು ಕಣ್ಣಿನ ಹತ್ತಿರ ಹಿಡಿದರು. "ಊಟದ ಹೊತ್ತಿನಲ್ಲಿ ಆದ ತೀರ್ಮಾನ. ಆರ್ವಿಡ್ ಪ್ರತಿ ವರ್ಷ ಕೊನೆಗೆ ಬಂದು ಕಷ್ಟಪಡುತ್ತಿರುವುದರಿಂದ, ಈ ವರ್ಷದಿಂದಲೇ ನಿಯಮ ಬದಲು. ಇನ್ನು ಮೇಲೆ ಮೊದಲಿಗೆ ಬಂದವರು ಮುಂದಿನ ಪಂದ್ಯ ನಡೆಸಿಕೊಡಬೇಕು. ಪರ ಹತ್ತು, ವಿರೋಧ ಡೆಲ್ಬರ್ಟ್."

ಆರ್ವಿಡ್‌ಗೆ ಒಂದೊಂದೇ ಅರ್ಥವಾಯಿತು: ಕೆನಡಾಕ್ಕೆ ಹೋದ ಹತ್ತು ಗುಂಡು, ಪಾದ್ರಿಯ ಸೀನು, ಕರವಸ್ತ್ರ, ಅಣ್ಣ.

"ಪಾದ್ರಿಗಳೇ, ನೀವೂನಾ?"

"ಮೂರು ಗಜ ಪಕ್ಕಕ್ಕೇ ಹಿಡಿದಿದ್ದೆ," ಎಂದರು ಪಾದ್ರಿ, ತಗ್ಗಿದ ದನಿಯಲ್ಲಿ. "ಆ ಒಂದು ತಾಗಿದ್ದು ದೇವರ ಇಚ್ಛೆ, ನನ್ನದಲ್ಲ."

"ನನಗೆ ಯಾರೂ ಯಾಕೆ ಹೇಳಲಿಲ್ಲ?"

"ಹೇಗೆ ಹೇಳೋದು ಮಗೂ?" ಎಂದರು ಅಜ್ಜಿ. "'ನೀನು ಹೇಗೂ ಕೊನೆಗೇ ಬರ್ತೀಯ, ಅದಕ್ಕೆ ನಿಯಮ ಬದಲಾಯಿಸಿದ್ವಿ' ಅಂತಲೇ? ಮನಸ್ಸಿಗೆ ಬೇಜಾರಾಗಲ್ವೇ?"

ಆರ್ವಿಡ್ ಕೈಯೆತ್ತಿದ. "ನನ್ನದೊಂದು ಸೂಚನೆ ಇದೆ. ಹಳೆಯ ನಿಯಮವೇ ಇರಲಿ."

"ಅನುಮೋದಿಸ್ತೀನಿ!" ಎಂದು ವರ್ನಾ ಕಿರುಚಿದಳು.

ಪರ ಎರಡು, ವಿರೋಧ ಹತ್ತು. ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಎತ್ತರಕ್ಕೆ ಹೋದದ್ದು ಕರ್ಟಿಸ್‌ನ ಕೈ.

ಜನ ಪಿಕಪ್ಪುಗಳ ಕಡೆ ಚದುರಿದರು. ಆರ್ವಿಡ್ ಹೆಂಡತಿಯ ಪಕ್ಕ ಬೆಂಚಿನ ಮೇಲೆ ಕೂತ.

"ಮೊದಲು ಸೂಚಿಸಿದ್ದು ಯಾರು ಅಂತ ಅಜ್ಜಿ ಓದಲೇ ಇಲ್ಲ," ಎಂದ.

ವರ್ನಾ ಬಹಳ ಹೊತ್ತು ಬೆಣ್ಣೆ ಚಾಕುವನ್ನು ಒರೆಸಿದಳು.

"ನಾನು," ಎಂದಳು.

ಅವನು ಹರಿದ ಪ್ಯಾಂಟಿನ ಎಳೆಯೊಂದನ್ನು ಕಿತ್ತ. ಆಮೇಲೆ ತಡೆಯಲಾರದೆ ಕೇಳಿದ: "ಕೊನೇದು ನೋಡಿದ್ಯಾ? ಹತ್ತನೇದು?"

"ನೋಡ್ದೆ."

"ಹೇಗಿತ್ತು?"

"ಚೆನ್ನಾಗಿತ್ತು," ಎಂದಳು ವರ್ನಾ. ಅಕ್ಕನಿಗೆ ಫೋನು ಮಾಡಲು ಎದ್ದು ನಿಂತಳು. "ಕೊನೆಗೆ ಬರಬೇಡ ಅಂದಿದ್ದೆ ಆರ್ವಿಡ್, ಅಷ್ಟೇ. ಮೊದಲಿಗೆ ಬಾ ಅಂತ ನಿನಗೆ ಯಾರು ಹೇಳಿದ್ರು?"